ಲಾಸ್ ವೇಗಸ್‌ನ ಸರ್ಕಾ ಸ್ಪೋರ್ಟ್ಸ್‌ಬುಕ್: ಬ್ಯಾಸ್ಕೆಟ್‌ಬಾಲ್ ಸ್ಪ್ರೆಡ್ ಟಿಕೆಟ್ಟಿನ ಅಸಲು ಬೆಲೆ

ಲಾಸ್ ವೇಗಸ್‌ನ ಹಳೆಯ ಪೇಟೆಯಲ್ಲಿ, ಫ್ರೀಮಾಂಟ್ ಬೀದಿಯ ಪಶ್ಚಿಮ ತುದಿಗೆ, 2020ರ ಅಕ್ಟೋಬರ್‌ನಲ್ಲಿ ಆರಂಭವಾದ ಸರ್ಕಾ ಹೋಟೆಲಿನೊಳಗೆ ಮೂರು ಅಂತಸ್ತಿನ ಎತ್ತರದ ಸ್ಪೋರ್ಟ್ಸ್‌ಬುಕ್ ಇದೆ. ಸ್ಪೋರ್ಟ್ಸ್‌ಬುಕ್ ಎಂದರೆ ಆಟಗಳ ಮೇಲೆ ಕಾನೂನುಬದ್ಧವಾಗಿ ಬಾಜಿ ಕಟ್ಟಿಸಿಕೊಳ್ಳುವ ಅಂಗಡಿ. ಇಲ್ಲಿಗೆ ಹೋಗಿ ಬಂದವರು ಮೊದಲು ಹೊಗಳುವುದು ಒಂದಿಡೀ ಗೋಡೆಯನ್ನು ಆವರಿಸಿರುವ 7.8 ಕೋಟಿ ಪಿಕ್ಸೆಲ್‌ಗಳ ಪರದೆಯನ್ನು. ಪರದೆ ಮೆಚ್ಚತಕ್ಕದ್ದೇ, ಹತ್ತಾರು ಪಂದ್ಯಗಳು ಒಟ್ಟಿಗೆ ನಡೆಯುತ್ತಿರುವಾಗಲೂ ಹಿಂದಿನ ಸಾಲಿನಿಂದ ಅಂಕಗಳನ್ನು ಕಣ್ಣು ಕಿರಿದು ಮಾಡದೆ ಓದಬಹುದು. ಆದರೆ ಈ ಅಂಗಡಿ ಮಾರುವ ಸರಕು ಪರದೆಯಲ್ಲ, ಕೌಂಟರಿನ ಯಂತ್ರದಿಂದ ಹೊರಬರುವ ಅಂಗೈಯಗಲದ ಒಂದು ಕಾಗದ. ಆದ್ದರಿಂದ ಈ ವಿಮರ್ಶೆ ಮುಖ್ಯವಾಗಿ ಆ ಕಾಗದದ್ದು, ಅದರಲ್ಲೂ ಬ್ಯಾಸ್ಕೆಟ್‌ಬಾಲ್ ಪಂದ್ಯಗಳ ಮೇಲೆ ಪಾಯಿಂಟ್ ಸ್ಪ್ರೆಡ್ ಲೆಕ್ಕದಲ್ಲಿ ಕೊಳ್ಳುವ ಟಿಕೆಟ್ಟಿನದು. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಜೂಜಿನ ಅಂಗಡಿಯಲ್ಲಿ ಸಿಗುವ ಸರಕುಗಳ ಪೈಕಿ ತನ್ನ ಬೆಲೆಯನ್ನು ಮೈಮೇಲೆ ಬರೆದುಕೊಂಡು ಬರುವ ಕೆಲವೇ ಸರಕುಗಳಲ್ಲಿ ಇದೊಂದು, ಮತ್ತು ಆ ಬೆಲೆಯನ್ನು ಓದಲು ಬರುವವರು ಮಾತ್ರ ಇದನ್ನು ಕೊಳ್ಳಬೇಕು.

ಐಪಿಎಲ್ ಕಾಲದಲ್ಲಿ ಸಿಕ್ಕಿಬೀಳುವ ಬುಕ್ಕಿಗಳ ಸುದ್ದಿಯನ್ನು ಓದಿ ಬಲ್ಲ ನಮಗೆ ಬಾಜಿ ಎಂದರೆ ಯಾರು ಗೆಲ್ಲುತ್ತಾರೆ ಎಂಬ ಪ್ರಶ್ನೆ, ಅದರ ಬೆನ್ನಿಗೆ ಬಲಾಢ್ಯ ತಂಡಕ್ಕೆ ಕಡಿಮೆ, ದುರ್ಬಲ ತಂಡಕ್ಕೆ ಹೆಚ್ಚು ಎಂಬ ಭಾವ. ಅಮೆರಿಕದ ಕಾಲೇಜು ಬ್ಯಾಸ್ಕೆಟ್‌ಬಾಲ್‌ನಲ್ಲಿ ಎಷ್ಟೋ ಪಂದ್ಯಗಳಲ್ಲಿ ಆ ಪ್ರಶ್ನೆಗೇ ಸ್ವಾರಸ್ಯವಿರುವುದಿಲ್ಲ; ದೊಡ್ಡ ವಿಶ್ವವಿದ್ಯಾಲಯವೊಂದು ಚಿಕ್ಕ ಕಾಲೇಜನ್ನು ಎದುರಿಸಿದಾಗ ಗೆಲ್ಲುವವರು ಯಾರೆಂದು ಎಲ್ಲರಿಗೂ ಗೊತ್ತು, ಎಷ್ಟು ಅಂಕಗಳಿಂದ ಎಂಬುದಷ್ಟೇ ಗೊತ್ತಿಲ್ಲ. ಸ್ಪ್ರೆಡ್ ಹುಟ್ಟಿದ್ದೇ ಆ ಎರಡನೆಯ ಪ್ರಶ್ನೆಯಿಂದ. 1940ರ ದಶಕದಲ್ಲಿ ಷಿಕಾಗೋದಲ್ಲಿದ್ದ, ಗಣಿತದ ಮೇಷ್ಟರಾಗಿ ಕೆಲಸ ಮಾಡಿದ್ದ ಚಾರ್ಲ್ಸ್ ಮೆಕ್‌ನೀಲ್ ಎಂಬವರಿಗೆ ಇದರ ಶ್ರೇಯಸ್ಸನ್ನು ಸಾಮಾನ್ಯವಾಗಿ ಕೊಡುತ್ತಾರೆ. ಬಲಾಢ್ಯ ತಂಡದ ಮೊತ್ತದಿಂದ ಕಾಗದದ ಮೇಲೆ ಇಂತಿಷ್ಟು ಅಂಕಗಳನ್ನು ಕಳೆದು, ಉಳಿದದ್ದು ಎದುರಾಳಿಗಿಂತ ಹೆಚ್ಚಿದ್ದರೆ ಮಾತ್ರ ಆ ತಂಡದ ಟಿಕೆಟ್ ಗೆದ್ದಂತೆ.

2018ರ ಮಾರ್ಚ್ 16ರಂದು ವರ್ಜೀನಿಯಾ ವಿಶ್ವವಿದ್ಯಾಲಯ ಮತ್ತು ಮೇರಿಲ್ಯಾಂಡ್–ಬಾಲ್ಟಿಮೋರ್ ಕೌಂಟಿ ವಿಶ್ವವಿದ್ಯಾಲಯಗಳ ನಡುವೆ ಕಾಲೇಜು ತಂಡಗಳ ರಾಷ್ಟ್ರೀಯ ಟೂರ್ನಿಯಾದ ಎನ್‌ಸಿಎಎ ಟೂರ್ನಿಯ ಮೊದಲ ಸುತ್ತಿನ ಪಂದ್ಯ ನಡೆಯಿತು. ಅದಕ್ಕೆ ಲಾಸ್ ವೇಗಸ್ ಇಟ್ಟ ಸ್ಪ್ರೆಡ್ 20.5. ಅಂದರೆ ವರ್ಜೀನಿಯಾ ಟಿಕೆಟ್ ಹಿಡಿದವನಿಗೆ ಹಣ ಬರಬೇಕಾದರೆ ತಂಡ ಕನಿಷ್ಠ 21 ಅಂಕಗಳಿಂದ ಗೆಲ್ಲಬೇಕು. ಬಾಲ್ಟಿಮೋರ್ ಟಿಕೆಟ್ ಹಿಡಿದವನು ತನ್ನ ತಂಡ 20 ಅಂಕಗಳಿಂದ ಸೋತರೂ ಹಣ ಎಣಿಸಿಕೊಳ್ಳಬಹುದು. ಬಾಲ್ಟಿಮೋರ್ ತಂಡ 74–54ರಲ್ಲಿ ಗೆದ್ದೇ ಬಿಟ್ಟಿತು. ಪುರುಷರ ಟೂರ್ನಿಯಲ್ಲಿ 16ನೇ ಶ್ರೇಯಾಂಕದ ತಂಡವೊಂದು ಅಗ್ರಶ್ರೇಯಾಂಕದ ತಂಡವನ್ನು ಸೋಲಿಸಿದ್ದು ಅದೇ ಮೊದಲು. ಇಲ್ಲಿ ಗಮನಿಸಬೇಕಾದ್ದು ಒಂದೇ: ಬಾಲ್ಟಿಮೋರ್ ಸ್ಪ್ರೆಡ್ ಟಿಕೆಟ್ ಕೊಂಡವನಿಗೆ ಆ ಮಹಾ ಪವಾಡದಿಂದ ಒಂದು ಪೈಸೆಯೂ ಹೆಚ್ಚು ಬರಲಿಲ್ಲ. 19 ಅಂಕಗಳಿಂದ ಸೋತಿದ್ದರೂ ಅವನಿಗೆ ಸಿಗುತ್ತಿದ್ದದ್ದು ಅಷ್ಟೇ. ಪವಾಡ ಬೇಕಾದವರು ಸ್ಪ್ರೆಡ್ ಬಿಟ್ಟು ನೇರ ಗೆಲುವಿನ ಮೇಲೆ ಬಾಜಿ ಕಟ್ಟಬೇಕು. ಅದು ಬೇರೆಯೇ ಸರಕು, ಅದರ ದರವೂ ಬೇರೆ.

ಇನ್ನು ಕಾಗದಕ್ಕೆ ಬರೋಣ. ಕೌಂಟರಿನ ಮುಂದೆ ನಿಂತು ತಂಡದ ಹೆಸರು ಹೇಳುವುದಕ್ಕಿಂತ ಫಲಕದಲ್ಲಿ ಆ ತಂಡದ ಎಡಕ್ಕೆ ಬರೆದಿರುವ ಸಂಖ್ಯೆಯನ್ನು ಹೇಳುವುದು ಇಲ್ಲಿಯ ಪದ್ಧತಿ. ಒಂದೇ ದಿನ ನೂರಕ್ಕೂ ಹೆಚ್ಚು ಕಾಲೇಜು ಪಂದ್ಯಗಳಿರುವ ಶನಿವಾರಗಳುಂಟು, ಮಯಾಮಿ ಎಂಬ ಒಂದೇ ಹೆಸರಿನ ಎರಡು ವಿಶ್ವವಿದ್ಯಾಲಯಗಳೂ ಉಂಟು. ಸಂಖ್ಯೆ ಹೇಳಿದರೆ ಗೊಂದಲಕ್ಕೆ ಆಸ್ಪದವಿಲ್ಲ. ಸಂಖ್ಯೆ, ಸ್ಪ್ರೆಡ್, ಮೊತ್ತ, ಈ ಕ್ರಮದಲ್ಲಿ ಹೇಳಿದರೆ ಗುಮಾಸ್ತರು ಒಮ್ಮೆ ಗಟ್ಟಿಯಾಗಿ ಓದಿ ಹೇಳಿ ಟಿಕೆಟ್ ಒತ್ತುತ್ತಾರೆ. ಮೇಲೆ ದಿನಾಂಕ ಮತ್ತು ವೇಳೆ, ನಡುವೆ ತಂಡದ ಹೆಸರು, ಅದರ ಪಕ್ಕದಲ್ಲಿ ಸ್ಪ್ರೆಡ್ಡನ್ನು ತಿಳಿಸುವ ಮೈನಸ್ 6.5 ಎಂಬಂತಹ ಅಂಕ, ಅದಕ್ಕೂ ಪಕ್ಕದಲ್ಲಿ ಮೈನಸ್ 110 ಎಂಬ ಇನ್ನೊಂದು ಅಂಕ, ಕೆಳಗೆ ಕಟ್ಟಿದ ಹಣ ಮತ್ತು ಗೆದ್ದರೆ ಬರುವ ಹಣ. ಕೌಂಟರ್ ಬಿಡುವ ಮೊದಲು ಇಷ್ಟನ್ನೂ ಓದಿಕೊಳ್ಳಬೇಕು, ಏಕೆಂದರೆ ಆಟ ಶುರುವಾದ ಮೇಲೆ ತಿದ್ದುಪಡಿಗೆ ಅವಕಾಶವಿಲ್ಲ. ಖರೀದಿಸಿದ ಗಳಿಗೆಯಲ್ಲಿ ಅಚ್ಚಾದ ಸ್ಪ್ರೆಡ್ಡೇ ಕೊನೆಯವರೆಗೆ ಊರ್ಜಿತ. ಆ ಮೇಲೆ ಫಲಕದಲ್ಲಿ ಅದು 8ಕ್ಕೆ ಏರಲಿ, 4ಕ್ಕೆ ಇಳಿಯಲಿ, ನಿಮ್ಮ ಟಿಕೆಟ್ಟಿಗೆ ಸಂಬಂಧವಿಲ್ಲ. ವೃತ್ತಿಪರ ತಂಡಗಳ ಲೀಗ್ ಆದ ಎನ್‌ಬಿಎಯ ಪಂದ್ಯಗಳಲ್ಲಿ ಇದು ಸಣ್ಣ ವಿಷಯವಲ್ಲ. ತಾರಾ ಆಟಗಾರನಿಗೆ ಇಂದು ವಿಶ್ರಾಂತಿ ಎಂಬ ಪ್ರಕಟಣೆ ಸಂಜೆ ಬಂದರೆ ಬೆಳಿಗ್ಗೆಯ ಸ್ಪ್ರೆಡ್ ನಿಮಿಷಗಳಲ್ಲಿ ಮಾಯವಾಗುತ್ತದೆ, ಬೆಳಿಗ್ಗೆ ಕೊಂಡವನು ಅದನ್ನೇ ಹಿಡಿದುಕೊಂಡು ಕೂರಬೇಕಾಗುತ್ತದೆ.

ಹೆಚ್ಚಿನವರು ಮೊದಲ ಅಂಕವನ್ನೇ ನೋಡುತ್ತ ಕುಳಿತು ಎರಡನೆಯದನ್ನು ಮರೆಯುತ್ತಾರೆ. ಮೈನಸ್ 110 ಎಂದರೆ 100 ಡಾಲರ್ ಗೆಲ್ಲಲು 110 ಡಾಲರ್ ಕಟ್ಟಬೇಕು ಎಂದರ್ಥ. ಒಬ್ಬ ಈ ಕಡೆಗೆ 110, ಇನ್ನೊಬ್ಬ ಆ ಕಡೆಗೆ 110 ಕಟ್ಟಿದಾಗ ಅಂಗಡಿಯ ಪೆಟ್ಟಿಗೆಗೆ 220 ಬೀಳುತ್ತದೆ, ಗೆದ್ದವನಿಗೆ 210 ಹೋಗುತ್ತದೆ, ಉಳಿದ 10 ಅಂಗಡಿಯದ್ದು. ಅಡಿಕೆ ಮಂಡಿಯ ದಲಾಲಿಯಂತೆ, ವ್ಯಾಪಾರದಲ್ಲಿ ಯಾರಿಗೆ ಲಾಭವಾದರೂ ಈ ಹಣ ತಪ್ಪುವುದಿಲ್ಲ. ನೂರಕ್ಕೆ ಸುಮಾರು ನಾಲ್ಕೂವರೆ ಡಾಲರ್. ಇದನ್ನು ಗ್ರಾಹಕನ ಕಡೆಯಿಂದ ನೋಡಿದರೆ, ಅಸಲು ಉಳಿಯಬೇಕಾದರೂ ನೂರರಲ್ಲಿ 52.4 ಟಿಕೆಟ್ ಗೆಲ್ಲಬೇಕು. 52ಕ್ಕೂ 50ಕ್ಕೂ ಏನು ಮಹಾ ವ್ಯತ್ಯಾಸ ಎಂದು ಕೇಳುವವರಿದ್ದಾರೆ. ಸ್ಪ್ರೆಡ್ ಇಡುವುದೇ ಎರಡೂ ಕಡೆಯ ಸಾಧ್ಯತೆಯನ್ನು ಅರ್ಧರ್ಧಕ್ಕೆ ತರುವ ಉದ್ದೇಶದಿಂದ. ಅದನ್ನು ಇಡುವವರು ಇಡೀ ದಿನ ಬೇರೆ ಕೆಲಸ ಮಾಡುವುದಿಲ್ಲ, ಇಟ್ಟ ಮೇಲೆ ಅದನ್ನು ತಮ್ಮ ಹಣದಿಂದ ತಿದ್ದುವ ವೃತ್ತಿನಿರತ ಬಾಜಿಗಾರರೂ ಇದ್ದಾರೆ. ಅವರೆಲ್ಲರ ಕೈ ದಾಟಿ ಬಂದ ಅಂಕದ ಮೇಲೆ, ಸಂಜೆ ಟಿವಿ ನೋಡುವ ಸಾಫ್ಟ್‌ವೇರ್ ಎಂಜಿನಿಯರ್ ಆ ಎರಡು ಚಿಲ್ಲರೆ ಶೇಕಡಾವನ್ನು ವರ್ಷಗಟ್ಟಲೆ ಗಳಿಸಬಲ್ಲ ಎಂದು ನಂಬಲು ನನಗೆ ಯಾವ ಕಾರಣವೂ ಕಾಣುವುದಿಲ್ಲ.

ಹಾಗಿದ್ದರೆ ಕೊಳ್ಳುವುದೇಕೆ? ಲೆಕ್ಕವನ್ನು ಖರ್ಚಿನ ಭಾಷೆಗೆ ತಂದುಕೊಂಡರೆ ಉತ್ತರ ಸುಲಭ. ಯಾವ ವಿಶೇಷ ಜ್ಞಾನವೂ ಇಲ್ಲದೆ 110 ಡಾಲರ್ ಟಿಕೆಟ್ ಕೊಂಡವನು ಸರಾಸರಿಯಲ್ಲಿ ತೆರುವ ಬೆಲೆ 5 ಡಾಲರ್. 11 ಡಾಲರ್ ಟಿಕೆಟ್ಟಿಗೆ 50 ಸೆಂಟ್. ಎರಡು ಗಂಟೆಗೂ ಮೀರಿ ನಡೆಯುವ ಪಂದ್ಯವನ್ನು ತುದಿಗಾಲಲ್ಲಿ ನಿಂತು ನೋಡುವುದಕ್ಕೆ 50 ಸೆಂಟ್ ಹೆಚ್ಚೇನಲ್ಲ. ಅದೇ ಮನುಷ್ಯ ಒಂದು ದಿನದಲ್ಲಿ ಎಂಟು ಪಂದ್ಯಗಳ ಮೇಲೆ 110ರಂತೆ ಕಟ್ಟಿದರೆ ಸರಾಸರಿ ಖರ್ಚು 40 ಡಾಲರ್, ಮತ್ತು ಎಂಟೂ ಸೋತರೆ ಕೈಬಿಟ್ಟು ಹೋಗುವುದು 880. ಸರಾಸರಿ ಎಂಬುದು ಬಹಳ ದಿನಗಳ ಮಾತು. ಒಂದು ದಿನಕ್ಕೆ ಜೇಬಿನಲ್ಲಿರಬೇಕಾದ್ದು ಪೂರ್ತಿ 880.

ಆ ಖರ್ಚಿಗೆ ಪ್ರತಿಯಾಗಿ ಸಿಗುವುದು ಪಂದ್ಯದ ಕೊನೆಯ ಎರಡು ನಿಮಿಷ. ಬ್ಯಾಸ್ಕೆಟ್‌ಬಾಲ್‌ಗೆ ಸ್ಪ್ರೆಡ್ ಇಷ್ಟು ಚೆನ್ನಾಗಿ ಹೊಂದುವುದಕ್ಕೆ ಕಾರಣ ಅಲ್ಲಿದೆ. ನಿಮ್ಮ ತಂಡ ಮೈನಸ್ 6.5 ಎಂದುಕೊಳ್ಳಿ, 40 ಸೆಕೆಂಡ್ ಉಳಿದಿರುವಾಗ 5 ಅಂಕ ಮುಂದಿದೆ. ಹಿಂದಿರುವ ತಂಡ ಸಮಯ ಉಳಿಸಲು ಬೇಕೆಂದೇ ಫೌಲ್ ಮಾಡುತ್ತದೆ. ಫೌಲ್‌ಗೆ ಪ್ರತಿಯಾಗಿ ಸಿಗುವ, ತಲಾ ಒಂದು ಅಂಕದ ಎರಡು ಫ್ರೀ ಥ್ರೋ ಒಳಗೆ ಬಿದ್ದು ಅಂತರ 7 ಆಗುತ್ತದೆ, ನೀವು ಗೆದ್ದಿರಿ. ಎದುರಾಳಿ ಓಡಿಬಂದು ಮೂರು ಅಂಕದ ಹೊಡೆತ ಹಾಕುತ್ತಾನೆ, 4, ಸೋತಿರಿ. ಮತ್ತೆ ಫೌಲ್, ಎರಡು ಫ್ರೀ ಥ್ರೋ, 6. ಎದುರಾಳಿಯ ಹೊಡೆತ ತಪ್ಪುತ್ತದೆ, ಚೆಂಡು ನಿಮ್ಮವರ ಕೈಗೆ ಬರುತ್ತದೆ, ಇನ್ನೊಂದು ಫೌಲ್ ಬೀಳಲಿ ಎಂದು ನೀವು ಹಾರೈಸುತ್ತಿರುವಾಗ ಎದುರಾಳಿ ಕೋಚ್ ಕೈಚೆಲ್ಲಿ ತನ್ನ ಹುಡುಗರಿಗೆ ಸುಮ್ಮನಿರಲು ಸನ್ನೆ ಮಾಡುತ್ತಾನೆ. ಗೆದ್ದ ತಂಡದವರು ನಗುನಗುತ್ತ ಅಂಗಳ ಬಿಡುತ್ತಾರೆ, ಆ ತಂಡದ ಟಿಕೆಟ್ ಹಿಡಿದ ಇಡೀ ಸಾಲು ತಲೆಯ ಮೇಲೆ ಕೈಹೊತ್ತು ಕೂತಿರುತ್ತದೆ. ಯಾರು ಗೆಲ್ಲುತ್ತಾರೆಂಬುದು ಎಂದೋ ತೀರ್ಮಾನವಾಗಿದ್ದ ಆಟದಲ್ಲಿ ಇಷ್ಟು ಉದ್ವೇಗ ತುಂಬುವ ಬೇರೆ ಉಪಾಯ ನನಗೆ ಗೊತ್ತಿಲ್ಲ.

ಇದರ ಶಾಸ್ತ್ರೀಯ ಉದಾಹರಣೆ 2004ರ ಏಪ್ರಿಲ್ 3ರಂದು ಸ್ಯಾನ್ ಆಂಟೋನಿಯೋದಲ್ಲಿ ನಡೆದ ಎನ್‌ಸಿಎಎ ಸೆಮಿಫೈನಲ್. ಡ್ಯೂಕ್ ವಿರುದ್ಧ ಕನೆಕ್ಟಿಕಟ್‌ಗೆ ಮೈನಸ್ 2 ಅಂಕದ ಸ್ಪ್ರೆಡ್ ಇತ್ತು. ಕೊನೆಯ ನಿಮಿಷಗಳಲ್ಲಿ ಹಿಂದಿನಿಂದ ಬಂದ ಕನೆಕ್ಟಿಕಟ್ 79–75ರಲ್ಲಿ ಮುಂದಿದ್ದಾಗ, ಗಡಿಯಾರ ನಿಲ್ಲುವ ಹೊತ್ತಿಗೆ ಡ್ಯೂಕ್‌ನ ಕ್ರಿಸ್ ಡುಹಾನ್ ದೂರದಿಂದ ಎಸೆದ ಚೆಂಡು ಬುಟ್ಟಿಯೊಳಗೆ ಬಿತ್ತು. ಪಂದ್ಯದ ಫಲಿತಾಂಶಕ್ಕೆ ಅದರಿಂದ ಏನೂ ಆಗಲಿಲ್ಲ. 79–78, ಕನೆಕ್ಟಿಕಟ್ ಫೈನಲ್‌ಗೆ ಹೋಯಿತು. ಆದರೆ 4 ಅಂಕದ ಅಂತರ 1ಕ್ಕೆ ಇಳಿದು, ದೇಶದುದ್ದಕ್ಕೂ ಕನೆಕ್ಟಿಕಟ್ ಟಿಕೆಟ್ ಹಿಡಿದವರ ಹಣ ಡ್ಯೂಕ್ ಟಿಕೆಟ್ ಹಿಡಿದವರ ಪಾಲಾಯಿತು. ಬಾಜಿ ಕಟ್ಟುವವರ ನಡುವೆ ಇಂದಿಗೂ ಆ ಎಸೆತದ ಮಾತು ಬರುತ್ತದೆ.

ಈಗ ಅಂಗಡಿಯ ಗುಣದೋಷ. ಸರ್ಕಾ ಈ ವ್ಯಾಪಾರದಲ್ಲಿ ದೊಡ್ಡ ಮೊತ್ತದ ಬಾಜಿಗಳನ್ನು ಸ್ವೀಕರಿಸುವುದಕ್ಕೆ ಮತ್ತು ಗೆಲ್ಲುವ ಗ್ರಾಹಕರನ್ನು ಬೇಗನೆ ಹೊರದಬ್ಬದಿರುವುದಕ್ಕೆ ಹೆಸರು ಮಾಡಿದೆ. ನಮ್ಮಂತಹ ಸಣ್ಣ ಗಿರಾಕಿಗಳಿಗೆ ಅದರಿಂದ ನೇರ ಪ್ರಯೋಜನವಿಲ್ಲದಿದ್ದರೂ ಪರೋಕ್ಷವಾಗಿ ಒಳ್ಳೆಯದೇ: ಬಲ್ಲವರ ಹಣ ಬೀಳುವ ಕಡೆ ಸ್ಪ್ರೆಡ್ ಬೇಗ ನ್ಯಾಯವಾದ ಜಾಗಕ್ಕೆ ಬಂದು ನಿಲ್ಲುತ್ತದೆ. ಇದಕ್ಕೆ ವಿರುದ್ಧವಾದ ಪದ್ಧತಿಯೂ ಇದೆ. ಸತತವಾಗಿ ಗೆಲ್ಲುವವರು ಕಟ್ಟಬಹುದಾದ ಮೊತ್ತವನ್ನು ಕಂಪನಿಗಳು ಮೊಟಕುಗೊಳಿಸುತ್ತವೆ ಎಂಬ ದೂರು ಎಷ್ಟು ಬಲವಾಗಿದೆಯೆಂದರೆ, ಮ್ಯಾಸಚೂಸೆಟ್ಸ್ ರಾಜ್ಯದ ಗೇಮಿಂಗ್ ಆಯೋಗ 2024ರಲ್ಲಿ ಅದನ್ನೇ ಚರ್ಚೆಗೆ ಎತ್ತಿಕೊಂಡಿತು. ಸೋಲುವವರಿಗೆ ಮಾತ್ರ ಬಾಗಿಲು ತೆರೆದಿಡುವ ಅಂಗಡಿಯನ್ನು ಅಂಗಡಿ ಎನ್ನಲು ನನಗೆ ಮನಸ್ಸು ಬಾರದು.

ಕೌಂಟರಿನಲ್ಲಿ ನಿಂತು ಕೊಳ್ಳುವುದಕ್ಕೂ ಫೋನಿನ ಆ್ಯಪ್‌ನಲ್ಲಿ ಕೊಳ್ಳುವುದಕ್ಕೂ ಇರುವ ಅಂತರ ನಾನು ಎಣಿಸಿದ್ದಕ್ಕಿಂತ ದೊಡ್ಡದು. ಲಾಸ್ ವೇಗಸ್ ಇರುವ ನೆವಾಡ ರಾಜ್ಯದಲ್ಲಿ ಆ್ಯಪ್ ಬೇಕೆಂದರೂ ಒಮ್ಮೆ ಖುದ್ದಾಗಿ ಬಂದು ಗುರುತಿನ ಚೀಟಿ ತೋರಿಸಿ ನೋಂದಾಯಿಸಿಕೊಳ್ಳಬೇಕು. ಬೇರೊಂದು ರಾಜ್ಯದಲ್ಲಿ ನಾನು ಬಳಸಿದ ಇನ್ನೊಂದು ಕಂಪನಿಯ ಆ್ಯಪ್‌ನಲ್ಲಿ ಇಂಥ ತಡೆ ಇರಲಿಲ್ಲ. ಸೋಫಾದ ಮೇಲೆ ಕುಳಿತೇ ಎಲ್ಲ ಮುಗಿಯಿತು. ಅಲ್ಲಿಂದ ಮುಂದೆ ಆಟದ ನಡುನಡುವೆ ಪ್ರತಿ ಬುಟ್ಟಿಗೂ ಬದಲಾಗುವ ಲೈವ್ ಸ್ಪ್ರೆಡ್, ಒತ್ತುವಷ್ಟರಲ್ಲಿ ಅಂಕ ಬದಲಾಗಿದೆ, ಒಪ್ಪಿಗೆಯೇ ಎಂಬ ಪ್ರಶ್ನೆ, ಮಲಗುವ ಹೊತ್ತಿಗೆ ಪಶ್ಚಿಮ ತೀರದ ಪಂದ್ಯಕ್ಕೆ ವಿಶೇಷ ದರವಿದೆ ಎಂಬ ಸೂಚನೆ. ಗಮನಿಸಿ ನೋಡಿದಾಗ ಆ ಲೈವ್ ಸ್ಪ್ರೆಡ್ಡಿನ ದರ ಮೈನಸ್ 110 ಅಲ್ಲ, ಮೈನಸ್ 115 ಮತ್ತು ಅದಕ್ಕೂ ಮೇಲೆ ಇರುತ್ತಿತ್ತು. 115 ಆದರೆ ಅಸಲಿಗೆ ಬೇಕಾದ ಗೆಲುವು ನೂರಕ್ಕೆ 53.5ಕ್ಕೆ ಏರುತ್ತದೆ. ಕೌಂಟರಿನಲ್ಲಾದರೆ ಎದ್ದು ಹೋಗಬೇಕು, ಸಾಲಿನಲ್ಲಿ ನಿಲ್ಲಬೇಕು, ಜೇಬಿನಿಂದ ನೋಟು ತೆಗೆದು ಎಣಿಸಿ ಕೊಡಬೇಕು. ಈ ಮೂರು ಅಡ್ಡಿಗಳು ಗ್ರಾಹಕನ ಪಾಲಿಗೆ ಇರುವ ಅತ್ಯುತ್ತಮ ಸೌಕರ್ಯ ಎಂದು ನಾನು ಗಂಭೀರವಾಗಿಯೇ ಹೇಳುತ್ತೇನೆ.

ಸ್ಪ್ರೆಡ್ಡಿನ ಜೊತೆಗೆ ಎಲ್ಲ ಅಂಗಡಿಗಳಲ್ಲೂ ಮಾರುವ ಪಾರ್ಲೇ ಎಂಬ ಸರಕನ್ನು ನಾನು ಯಾರಿಗೂ ಶಿಫಾರಸು ಮಾಡಲಾರೆ. ಎರಡು ಪಂದ್ಯಗಳನ್ನು ಒಂದೇ ಟಿಕೆಟ್ಟಿಗೆ ಕಟ್ಟಿ, ಎರಡೂ ಗೆದ್ದರೆ ಮಾತ್ರ ಹಣ ಎನ್ನುವುದು ಅದರ ಕ್ರಮ. ಎರಡಕ್ಕೆ ಕೊಡುವ ಸಾಮಾನ್ಯ ದರ ಒಂದಕ್ಕೆ 2.6, ಅರ್ಧರ್ಧದ ಸಾಧ್ಯತೆಗೆ ನ್ಯಾಯವಾದ ದರ 3. ಮೂರು ಪಂದ್ಯಗಳಾದರೆ ಒಂದಕ್ಕೆ 6 ಕೊಡುವುದುಂಟು, ನ್ಯಾಯ 7. ದಲಾಲಿ ನೂರಕ್ಕೆ ನಾಲ್ಕೂವರೆಯಿಂದ ಮೊದಲು 10ಕ್ಕೆ, ಅನಂತರ 12.5ಕ್ಕೆ ಏರಿತು ಎಂಬುದನ್ನು ಟಿಕೆಟ್ಟಿನ ಮೇಲೆ ಎಲ್ಲೂ ಬರೆದಿರುವುದಿಲ್ಲ. ಬರೆದಿರುವುದು ಗೆದ್ದರೆ ಬರುವ ದೊಡ್ಡ ಮೊತ್ತ ಮಾತ್ರ. ಹೆಚ್ಚುವರಿ ಹಣ ಕೊಟ್ಟು ಸ್ಪ್ರೆಡ್ಡನ್ನು ಅರ್ಧ ಅಂಕದಷ್ಟು ತನ್ನ ಕಡೆಗೆ ಸರಿಸಿಕೊಳ್ಳುವುದೂ ಹೀಗೆಯೇ. ಅಮೆರಿಕನ್ ಫುಟ್‌ಬಾಲ್‌ನಲ್ಲಿ ಬಹಳಷ್ಟು ಪಂದ್ಯಗಳು 3 ಅಥವಾ 7 ಅಂಕಗಳ ಅಂತರದಲ್ಲಿ ಮುಗಿಯುವುದರಿಂದ ಅಲ್ಲಿ ಅರ್ಧ ಅಂಕಕ್ಕೆ ಬೆಲೆಯಿದೆ. ಬ್ಯಾಸ್ಕೆಟ್‌ಬಾಲ್‌ನಲ್ಲಿ ಅಂತರಗಳು ಚದುರಿಕೊಂಡಿರುತ್ತವೆ. ಮೈನಸ್ 110ನ್ನು ಮೈನಸ್ 120 ಮಾಡಿಕೊಂಡು ಅರ್ಧ ಅಂಕ ಪಡೆಯುವುದು ಸಾಮಾನ್ಯವಾಗಿ ನಷ್ಟದ ವ್ಯಾಪಾರ.

ಸರಕಿನಲ್ಲಿಯೇ ಇರುವ ಒಂದು ಹುಟ್ಟುದೋಷವನ್ನು ಮುಚ್ಚಿಡಬಾರದು. ಪಂದ್ಯ ಸೋಲಲು ಒಪ್ಪದ ಹುಡುಗನೂ ಕಡಿಮೆ ಅಂಕಗಳಿಂದ ಗೆಲ್ಲಲು ಒಪ್ಪಿಬಿಡಬಹುದು. 1950ರಲ್ಲಿ ಒಂದೇ ಋತುವಿನಲ್ಲಿ ಎನ್‌ಸಿಎಎ ಮತ್ತು ಎನ್‌ಐಟಿ ಎಂಬ ಇನ್ನೊಂದು ಕಾಲೇಜು ಟೂರ್ನಿ, ಎರಡರ ಪ್ರಶಸ್ತಿಗಳನ್ನೂ ಗೆದ್ದ ನ್ಯೂಯಾರ್ಕ್‌ನ ಸಿಟಿ ಕಾಲೇಜಿನ ಆಟಗಾರರು ಮರುವರ್ಷವೇ ಅಂಕ ಇಳಿಸಲು ಹಣ ಪಡೆದ ಪ್ರಕರಣದಲ್ಲಿ ಬಂಧನಕ್ಕೊಳಗಾದರು; 1978–79ರ ಬಾಸ್ಟನ್ ಕಾಲೇಜು, 1994ರ ಅರಿಜೋನಾ ಸ್ಟೇಟ್, ಹೀಗೆ ಪಟ್ಟಿ ಬೆಳೆಯಿತು. ಅರಿಜೋನಾ ಪ್ರಕರಣದಲ್ಲಿ ಅಸಹಜವಾಗಿ ಹರಿದುಬಂದ ಹಣವನ್ನು ಗುರುತಿಸಿದವರಲ್ಲಿ ಲಾಸ್ ವೇಗಸ್‌ನ ಅಂಗಡಿಗಳವರೂ ಇದ್ದರು. ಲೆಕ್ಕ ಇಡುವ ಕೌಂಟರಿಗೆ ಕಳ್ಳ ಬುಕ್ಕಿಗಿಂತ ಇರುವ ಮೇಲ್ಮೆ ಇದು, ಪೂರ್ತಿ ರಕ್ಷಣೆಯಲ್ಲದಿದ್ದರೂ.

ಯಾರಿಗೆ ಇದು ದಕ್ಕುತ್ತದೆ ಎಂಬುದು ಮುಂದಿನ ಮಾತು. 2018ರ ಮೇ 14ರಂದು ಆಟಗಳ ಮೇಲಿನ ಬಾಜಿಯನ್ನು ನಿರ್ಬಂಧಿಸಿದ್ದ 1992ರ ಕಾಯ್ದೆಯನ್ನು ಅಮೆರಿಕದ ಸುಪ್ರೀಂ ಕೋರ್ಟ್ ರದ್ದುಗೊಳಿಸಿದ ಮೇಲೆ ಪ್ರತಿ ರಾಜ್ಯವೂ ತನ್ನದೇ ನಿಯಮ ಮಾಡಿಕೊಂಡಿದೆ. ಕನ್ನಡಿಗರು ತುಂಬಿರುವ ಕ್ಯಾಲಿಫೋರ್ನಿಯಾದ ಮತದಾರರು 2022ರ ನವೆಂಬರ್‌ನಲ್ಲಿ ಈ ಕುರಿತ ಎರಡೂ ಪ್ರಸ್ತಾವಗಳನ್ನು ತಿರಸ್ಕರಿಸಿದರು. ಸನಿವೇಲ್, ಫ್ರೀಮಾಂಟ್‌ಗಳಲ್ಲಿರುವ ನಮ್ಮವರು ನೆವಾಡದ ಗಡಿ ದಾಟಲೇಬೇಕು. ಎಡಿಸನ್ ಸುತ್ತಮುತ್ತ ಇರುವವರಿಗೆ ನ್ಯೂಜೆರ್ಸಿಯಲ್ಲಿ ಎಲ್ಲವೂ ಕೈಗೆಟಕುತ್ತದೆ, ಆದರೆ ತಮ್ಮದೇ ರಾಜ್ಯದ ಕಾಲೇಜು ತಂಡಗಳ ಮೇಲೆ ಕಟ್ಟುವಂತಿಲ್ಲ. 2022ರ ಮಾರ್ಚ್‌ನಲ್ಲಿ ಜೆರ್ಸಿ ಸಿಟಿಯ ಪುಟ್ಟ ಸೇಂಟ್ ಪೀಟರ್ಸ್ ವಿಶ್ವವಿದ್ಯಾಲಯದ ತಂಡ ಕೆಂಟಕಿಯನ್ನು 85–79ರಲ್ಲಿ ಮಣಿಸಿದಾಗ ಆ ಊರಿನವರೇ ಕೈಕಟ್ಟಿ ನೋಡಬೇಕಾಯಿತು. ಭಾರತದಲ್ಲಂತೂ 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಕಾಯ್ದೆ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನೇ ನಿಷೇಧಿಸಿದೆ. ಬೆಂಗಳೂರಿನಲ್ಲಿ ಕುಳಿತು ವಿದೇಶಿ ಜಾಲತಾಣಗಳಲ್ಲಿ ಇದನ್ನು ಪ್ರಯತ್ನಿಸಲು ಹೋಗಬಾರದು.

ಸರ್ಕಾಕ್ಕೆ ಹೋಗುವವರಿಗೆ ಇನ್ನು ಕೆಲವು ವಿಷಯ. ಸ್ಪೋರ್ಟ್ಸ್‌ಬುಕ್ ಮಾತ್ರವಲ್ಲ, ಇಡೀ ಹೋಟೆಲಿಗೆ 21 ವರ್ಷ ತುಂಬದವರಿಗೆ ಪ್ರವೇಶವಿಲ್ಲ; ಮಕ್ಕಳೊಂದಿಗೆ ಬಂದ ಕುಟುಂಬಗಳು ಬೇರೆಡೆ ಇಳಿದುಕೊಳ್ಳಬೇಕು. ಎನ್‌ಸಿಎಎ ಟೂರ್ನಿಯ ಮೊದಲ ಗುರುವಾರ ಮತ್ತು ಶುಕ್ರವಾರ ದಿನಕ್ಕೆ 16 ಪಂದ್ಯಗಳು, ವೇಗಸ್ ಗಡಿಯಾರದಲ್ಲಿ ಬೆಳಿಗ್ಗೆ ಒಂಬತ್ತರ ಸುಮಾರಿಗೆ ಶುರುವಾಗಿ ರಾತ್ರಿಯವರೆಗೆ ನಡೆಯುತ್ತವೆ. ಆ ದಿನಗಳಲ್ಲಿ ಒಳ್ಳೆಯ ಕುರ್ಚಿಗೆ ಬಹಳ ಮೊದಲೇ ಹಣ ಕಟ್ಟಿ ಕಾಯ್ದಿರಿಸಬೇಕಾಗುತ್ತದೆ, ಕೋಣೆಯ ಬಾಡಿಗೆಯೂ ಕೈ ಸುಡುತ್ತದೆ. ಜನವರಿಯ ಯಾವುದಾದರೂ ಮಂಗಳವಾರ ಹೋದರೆ ಅದೇ ಪರದೆ, ಅದೇ ಮೈನಸ್ 110, ಸದ್ದು ಮಾತ್ರ ಕಡಿಮೆ. ನನಗೆ ಹಿಡಿಸುವುದು ಅದೇ. ಮೇಲಿನಿಂದ ಪರದೆ ಕಾಣುವಂತೆ ಕೂರಿಸುವ ವಿಕ್ಟರಿ ಬರ್ಗರ್ ಅಂಡ್ ವಿಂಗ್ಸ್‌ನಲ್ಲಿ ಏನು ಸಿಗುತ್ತದೆಂದು ಹೆಸರೇ ಹೇಳುತ್ತದೆ, ಸಸ್ಯಾಹಾರಿಗಳು ಊಟ ಮುಗಿಸಿಕೊಂಡು ಬರುವುದು ಮೇಲು.

ಗೆದ್ದ ಟಿಕೆಟ್ಟನ್ನು ಅದೇ ರಾತ್ರಿ ಕೊಟ್ಟು ಹಣ ಪಡೆಯಬೇಕೆಂದೇನೂ ಇಲ್ಲ. ಗಡುವು ಟಿಕೆಟ್ಟಿನ ಮೇಲೆಯೇ ಇರುತ್ತದೆ, ಅದನ್ನು ನೋಡಿಟ್ಟುಕೊಳ್ಳಬೇಕು. ಸೋತ ಟಿಕೆಟ್ಟನ್ನು ಮಾತ್ರ ಎಲ್ಲರೂ ಹರಿದು ನೆಲಕ್ಕೆ ಎಸೆಯುತ್ತಾರೆ. ಅಮೆರಿಕದಲ್ಲಿ ತೆರಿಗೆ ಕಟ್ಟುವವರು ಹಾಗೆ ಮಾಡಬಾರದು. ಬಾಜಿಯಲ್ಲಿ ಗೆದ್ದ ಹಣ ಆದಾಯವೆಂದೇ ಲೆಕ್ಕ. ಖರ್ಚುಗಳನ್ನು ಬಿಡಿಬಿಡಿಯಾಗಿ ತೋರಿಸುವವರು ಮಾತ್ರ ಸೋತದ್ದನ್ನು ಅದಕ್ಕೆ ವಜಾ ಮಾಡಿಕೊಳ್ಳಬಹುದು, 2026ರಿಂದ ಅದರಲ್ಲೂ ನಷ್ಟದ ನೂರಕ್ಕೆ 90ರಷ್ಟನ್ನು ಮಾತ್ರ. ವರ್ಷವಿಡೀ ಗೆಲುವು ಸೋಲು ಸರಿಸಮವಾದವನೂ ತನ್ನ ಕೈಗೆ ಬಾರದ ಹಣಕ್ಕೆ ತೆರಿಗೆ ಕಟ್ಟಬೇಕಾದೀತು. ಮೈನಸ್ 110ರ ಮೇಲೆ ಬೀಳುವ ಈ ಇನ್ನೊಂದು ದಲಾಲಿ ಕೌಂಟರಿನ ಫಲಕದಲ್ಲಿ ಕಾಣುವುದಿಲ್ಲ. ಟಿಕೆಟ್ಟುಗಳನ್ನು ದಿನಾಂಕವಾರು ಒಂದು ಲಕೋಟೆಯಲ್ಲಿ ಹಾಕಿಟ್ಟು ಏಪ್ರಿಲ್‌ಗೆ ಮುಂಚೆ ಲೆಕ್ಕಿಗರಿಗೆ ಕೊಟ್ಟರೆ ಅದರ ಮೊತ್ತ ತಿಳಿಯುತ್ತದೆ.